ಕೀಳ್ ಕೋತಗಿರಿಯ ಫಿಟ್ಟರುಗಳು

ನೀಲಗಿರಿಯ ಚಹಾದ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ತೋಟ ಹಾಕಿಸಿದ ದೊರೆಗಳ ಹೆಸರು, ಯಂತ್ರ ಮಾಡಿ ಕಳುಹಿಸಿದ ಕಂಪೆನಿಗಳ ಹೆಸರು, ಹರಾಜಿನಲ್ಲಿ ಬಂದ ದರ, ಎಲ್ಲವೂ ಪುಸ್ತಕಗಳಲ್ಲಿ ಸಿಗುತ್ತವೆ. ರಾತ್ರಿ ಎರಡು ಗಂಟೆಗೆ ರೋಲರು ನಿಂತಾಗ ಕಂಬಳಿ ಸರಿಸಿ ಎದ್ದು, ಸ್ಪ್ಯಾನರು ಹಿಡಿದು, ಮಂಜಿನಲ್ಲಿ ಕಾರ್ಖಾನೆಯ ಕಡೆಗೆ ಹೋದವರ ಬಗ್ಗೆ ಮಾತ್ರ ಎಲ್ಲಿಯೂ ಒಂದು ಪುಟವನ್ನೂ ನಾನು ಕಂಡಿಲ್ಲ. 1978ರಿಂದ 2012ರ ವರೆಗೆ, ಅಂದರೆ 34 ವರ್ಷ, ನಾನು ಕೀಳ್ ಕೋತಗಿರಿಯ ಆಸುಪಾಸಿನ ಚಹಾ ಕಾರ್ಖಾನೆಗಳಲ್ಲಿ ಫಿಟ್ಟರನಾಗಿ ದುಡಿದವನು. ಚರಿತ್ರೆ ಬರೆಯುವುದು ನನ್ನ ಕಸುಬಲ್ಲ. ಆದರೆ ನಮ್ಮ ಊರಿನವರಿಗೆ ನೀಲಗಿರಿ ಎಂದರೆ ಊಟಿಯ ಹೂವಿನ ತೋಟ ಮತ್ತು ಸಿನಿಮಾದ ಹಾಡು ಎಂದಷ್ಟೇ ಆಗಿರುವುದರಿಂದ, ಅಲ್ಲಿನ ಒಂದು ಕಸುಬಿನ ಕಥೆಯನ್ನು ನನಗೆ ತಿಳಿದ ಮಟ್ಟಿಗೆ ಬರೆದಿಡಬೇಕೆಂದು ತೋರಿತು.

ಮೊದಲು ಊರಿನ ಹೆಸರಿನಿಂದಲೇ ಆರಂಭಿಸುತ್ತೇನೆ. ಕೋತಗಿರಿ ಎಂಬುದು ಕೋತರ ಕೇರಿ ಎಂಬುದರಿಂದ ಬಂದ ಹೆಸರೆಂದು ಹೇಳುತ್ತಾರೆ. ಕೀಳ್ ಎಂದರೆ ಕೆಳಗಿನದು. ಹಳಗನ್ನಡ ಓದಿದವರಿಗೆ ‘ಕೀೞ್’ ಹೊಸ ಶಬ್ದವಲ್ಲ. ಕೋತಗಿರಿ ಪೇಟೆಯಿಂದ ಸೋಲೂರ್‌ಮಟ್ಟಂ ಕಡೆಗೆ ಹೋಗುವ ದಾರಿಯಲ್ಲಿ, ಬೆಟ್ಟ ಪೂರ್ವಕ್ಕೆ ಇಳಿಯುತ್ತ ಹೋಗುವ ಜಾಗದಲ್ಲಿ ಈ ಊರಿದೆ. ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳಲ್ಲಿ ಹಂಚು ಹಾರಿಸುವ ಮಳೆಗಾಲ ಅಲ್ಲಿಗೆ ತಲುಪುವಾಗ ದಣಿದಿರುತ್ತದೆ. ಅಲ್ಲಿಯವರು ನಂಬಿರುವುದು ಅಕ್ಟೋಬರ್, ನವೆಂಬರಿನ ಹಿಂಗಾರನ್ನು.

ಕೋತರ ಏಳು ಊರುಗಳಲ್ಲಿ ಕೀಳ್ ಕೋತಗಿರಿಯೂ ಒಂದು. ಕೋತರು ನೀಲಗಿರಿಯ ಕುಶಲಕರ್ಮಿಗಳು. ಗಂಡಸರು ಕಬ್ಬಿಣದ ಕೆಲಸ, ಮರಗೆಲಸ ಬಲ್ಲವರು; ಹೆಂಗಸರು ಮಡಕೆ ಮಾಡುವವರು. ಬಡಗರ ಕುಡುಗೋಲು, ತೊದವರ ಕೊಡಲಿ, ಎಲ್ಲವೂ ಇವರ ಕುಲುಮೆಯಿಂದ ಬರಬೇಕಿತ್ತು. ಹಣದ ಮಾತಿಲ್ಲ. ಬಡಗರು ವರ್ಷಕ್ಕೊಮ್ಮೆ ಧಾನ್ಯ ಅಳೆದು ಕೊಡುತ್ತಿದ್ದರು. ಬಡಗರ ಸಾವಿನಲ್ಲಿ ವಾದ್ಯ ನುಡಿಸುವ ಕೆಲಸವೂ ಕೋತರದೇ ಆಗಿತ್ತು. ಹತಾರ ಹಾಳಾದರೆ ಕೊಂಡುಹೋಗಿ ಕೊಡುವುದು, ಅವರು ಕಾಸಿ ಬಡಿದು ಸರಿಮಾಡಿ ಕೊಡುವುದು, ಸುಗ್ಗಿಯಲ್ಲಿ ಲೆಕ್ಕ ತೀರಿಸುವುದು. ವಿಚಾರ ಮಾಡಿದರೆ ಇದು ನಮ್ಮ ಕಾರ್ಖಾನೆಗಳ ವಾರ್ಷಿಕ ದುರಸ್ತಿ ಕರಾರಿನಂತೆಯೇ ಇದೆ. ಅಮೆರಿಕದ ಭಾಷಾಶಾಸ್ತ್ರಿ ಎಮಿನೊ ಅವರು 1930ರ ದಶಕದಲ್ಲಿ ಇಲ್ಲಿ ಬಂದು ಕುಳಿತು ಕೋತ ಭಾಷೆಯ ಕಥೆಗಳನ್ನು ಬರೆದುಕೊಂಡು, 1944ರಿಂದ 1946ರೊಳಗೆ ಪ್ರಕಟಿಸಿದರು. ಕೋತರ ಮಾತಿಗೆ ದಾಖಲೆ ಉಂಟು. ಅವರ ಕುಲುಮೆಯ ಎದುರು ಕಟ್ಟಿದ ಚಹಾ ಕಾರ್ಖಾನೆಗಳಲ್ಲಿ ಕಬ್ಬಿಣದ ಕೆಲಸ ಮಾಡಿದವರ ಮಾತಿಗೆ ಇಲ್ಲ.

ಚಹಾ ಗಿಡ ನೀಲಗಿರಿಗೆ ಬಂದದ್ದು 1830ರ ದಶಕದಲ್ಲಿ, ಕೇತಿಯ ಸರಕಾರಿ ತೋಟದಲ್ಲಿ ಪ್ರಯೋಗಕ್ಕೆಂದು. ಕೋತಗಿರಿಯ ಕಡೆಯಲ್ಲಿ ಮೊದಲು ನೆಲೆಯೂರಿದ್ದು ಕಾಫಿ. ಸೇಲಂನ ಕಲೆಕ್ಟರರಾಗಿದ್ದ ಎಂ. ಡಿ. ಕಾಕ್‌ಬರ್ನ್ ಅಲ್ಲಿ ಕಾಫಿ ಹಾಕಿಸಿದವರು. ಅವರ ಮಗಳು ಮಿಸ್ ಎಂ. ಬಿ. ಎಲ್. ಕಾಕ್‌ಬರ್ನ್ 1863ರಲ್ಲಿ ಆಲ್‌ಪೋರ್ಟ್ಸ್ ಎಂಬ ಚಹಾ ತೋಟವನ್ನು ಆರಂಭಿಸಿದರು. ಆ ಕಾಲಕ್ಕೆ ಫಿಟ್ಟರನಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಎಲೆಯನ್ನು ಕೈಯಿಂದಲೇ ಮೇಜಿನ ಮೇಲೆ ಉಜ್ಜಿ ಸುರುಳಿ ಮಾಡಿ, ಇದ್ದಿಲಿನ ಬೆಂಕಿಯ ಮೇಲೆ ಒಣಗಿಸುತ್ತಿದ್ದರು.

ಫಿಟ್ಟರನ ಕೆಲಸ ಹುಟ್ಟಿದ್ದು ಅಸ್ಸಾಮಿನಲ್ಲಿ ಎಂದು ಹೇಳಬೇಕು. ವಿಲಿಯಂ ಜಾಕ್ಸನ್ ಎಂಬ ಸ್ಕಾಟ್ಲೆಂಡಿನವನು 1872ರಲ್ಲಿ ಅಲ್ಲಿನ ಒಂದು ತೋಟದಲ್ಲಿ ತನ್ನ ಮೊದಲ ರೋಲರನ್ನು ನಿಲ್ಲಿಸಿದ. ಬಳಿಕ ಇಂಗ್ಲೆಂಡಿನ ಗೇನ್ಸ್‌ಬರೋ ಊರಿನ ಮಾರ್ಷಲ್ ಕಂಪೆನಿ ಅದನ್ನು ಮಾಡಿ ಲೋಕಕ್ಕೆಲ್ಲ ಮಾರಿತು. ಎಲೆ ಒಣಗಿಸುವ ಯಂತ್ರವನ್ನು ಕಟ್ಟಿದವನು ಸ್ಯಾಮ್ಯುವೆಲ್ ಡೇವಿಡ್‌ಸನ್. ಕಾಚಾರಿನ ತೋಟದಲ್ಲಿದ್ದವನು ಊರಿಗೆ ಹಿಂದಿರುಗಿ 1881ರಲ್ಲಿ ಬೆಲ್‌ಫಾಸ್ಟಿನಲ್ಲಿ ಸಿರೊಕ್ಕೋ ಎಂಬ ಹೆಸರಿನಲ್ಲಿ ಕಾರ್ಖಾನೆ ಹಾಕಿದ. ಈ ಎರಡು ಹೆಸರುಗಳನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಯಂತ್ರದ ಮೈಮೇಲೆ ಎರಕದ ಅಕ್ಷರಗಳಲ್ಲಿ ಅವು ಎದ್ದು ಕಾಣುತ್ತಿದ್ದವು. ವರ್ಷಕ್ಕೊಮ್ಮೆ ಬಣ್ಣ ಬಳಿಯುವಾಗ ಆ ಅಕ್ಷರಗಳಿಗೆ ಬೇರೆ ಬಣ್ಣ ಹಚ್ಚುವ ಪದ್ಧತಿಯಿತ್ತು. ಇಂಗ್ಲಿಷು ಓದಲು ಬಾರದ ಬಣ್ಣದವನೂ ಗೇನ್ಸ್‌ಬರೋ ಎಂಬುದನ್ನು ತಪ್ಪಿಲ್ಲದೆ ತುಂಬುತ್ತಿದ್ದ.

ಯಂತ್ರ ಬಂದ ಮೇಲೆ ಅದನ್ನು ಓಡಿಸಲು ಶಕ್ತಿ ಬೇಕು. ನೀರಿನ ಚಕ್ರ, ಉಗಿ, ಆಮೇಲೆ ಎಣ್ಣೆಯ ಎಂಜಿನು. ಒಂದು ಎಂಜಿನು, ಅದರಿಂದ ಕಟ್ಟಡದ ಉದ್ದಕ್ಕೂ ಹಾಯುವ ಒಂದು ಉದ್ದನೆಯ ಶಾಫ್ಟು, ಆ ಶಾಫ್ಟಿನ ಪುಲ್ಲಿಗಳಿಂದ ಒಂದೊಂದು ಯಂತ್ರಕ್ಕೆ ಇಳಿಯುವ ಚಪ್ಪಟೆ ಬೆಲ್ಟು. ಶಾಫ್ಟಿನ ಬೇರಿಂಗುಗಳಿಗೆ ಬಿಳಿ ಲೋಹವನ್ನು ಕರಗಿಸಿ ಹೊಯ್ದು, ತಣಿದ ಮೇಲೆ ಕೆರೆದು ಕೆರೆದು ಸರಿಮಾಡಬೇಕಿತ್ತು. 1932ರಲ್ಲಿ ಪೈಕಾರದ ವಿದ್ಯುತ್ತು ಹರಿಯತೊಡಗಿತು. ಅದು ಮೊದಲು ಬೆಳಗಿದ್ದು ಕೆಳಗಿನ ಕೊಯಮತ್ತೂರನ್ನು. ಅಲ್ಲಿ ಹತ್ತಿಯ ಗಿರಣಿಗಳು, ಗಿರಣಿಗಳ ಹಿಂದೆಯೇ ಎರಕದ ಮನೆಗಳು, ಲೇತ್ ವರ್ಕ್‌ಶಾಪುಗಳು ಸಾಲುಗಟ್ಟಿ ಎದ್ದವು. ಆಮೇಲೆ ನೀಲಗಿರಿಯ ಯಂತ್ರಕ್ಕೆ ಬಿಡಿಭಾಗ ಬೇಕಾದರೆ ಇಂಗ್ಲೆಂಡಿಗೆ ಕಾಗದ ಬರೆದು ಹಡಗು ಕಾಯಬೇಕಾಗಿರಲಿಲ್ಲ. ಒಡೆದ ಗಿಯರನ್ನು ಗೋಣಿಯಲ್ಲಿ ಕಟ್ಟಿ ಮೇಟ್ಟುಪಾಳಯದ ಬಸ್ಸು ಹತ್ತಿದರಾಯಿತು. ನಾನೇ ಎಷ್ಟೋ ಸಲ ಹಾಗೆ ಹೋಗಿದ್ದೇನೆ. ಗೋಣಿಗೂ ಒಂದು ಟಿಕೇಟು ತೆಗೆಯಬೇಕೆಂದು ಕಂಡಕ್ಟರು ಜಗಳ ಮಾಡುವುದು ವಾಡಿಕೆ.

ಇನ್ನು ಈ ಕಸುಬನ್ನು ಕಲಿಯುವ ವಿಚಾರ. ನಮ್ಮ ಕಡೆಯವರಿಗೆ ಇದರಲ್ಲಿ ಒಂದು ಹಳೆಯ ನೆಂಟಸ್ತಿಕೆ ಇದೆ. ಮಂಗಳೂರಿನ ಬಾಸೆಲ್ ಮಿಶನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಅದನ್ನು ಮಾಡಿದ ಪ್ಲೆಬ್‌ಸ್ಟ್ ಎಂಬವರು ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಯಂತ್ರ ಬಲ್ಲ ಮನುಷ್ಯ. ಹಂಚಿನ ಪ್ರೆಸ್ಸು, ನೇಯ್ಗೆಯ ಮಗ್ಗ, ಅಚ್ಚಿನ ಯಂತ್ರ ಇವೆಲ್ಲ ಕೆಡುತ್ತವಲ್ಲ, ಅವನ್ನು ನೋಡಿಕೊಳ್ಳಲು 1870ರ ದಶಕದಲ್ಲಿ ಮಿಶನು ಒಂದು ಯಂತ್ರಶಾಲೆಯನ್ನೂ ಮಾಡಿತು. ಹೊಲ ಕಳೆದುಕೊಂಡ, ಜಾತಿ ಬಿಟ್ಟು ಬಂದ ಹುಡುಗರು ಅಲ್ಲಿ ಅರ ಹಿಡಿಯಲು ಕಲಿತರು. ತಂದೆಯ ಕಸುಬಲ್ಲದ ಕಬ್ಬಿಣದ ಕೆಲಸವನ್ನು, ಗಂಟೆ ಹೊಡೆದಾಗ ಒಳಗೆ ಹೋಗಿ ಗಂಟೆ ಹೊಡೆದಾಗ ಹೊರಗೆ ಬಂದು ಕಲಿಯುವುದು ಈ ಕರಾವಳಿಗೆ ಆಗ ಹೊಸತು. ಅದೇ ಬಾಸೆಲ್ ಮಿಶನಿನವರು 1846ರಿಂದ ನೀಲಗಿರಿಯ ಕೇತಿಯಲ್ಲೂ ಇದ್ದರು. ಅಲ್ಲಿ ಅವರು ಯಂತ್ರಶಾಲೆ ತೆರೆಯಲಿಲ್ಲ, ಶಾಲೆ ತೆರೆದರು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು ಕೇತಿಯಲ್ಲಿ ನೆಲೆಸಿ, ಕನ್ನಡ ಕಲಿತು, ಬಡಗರ ಮಕ್ಕಳಿಗೆ ವಿದ್ಯೆ ಸಿಗಲೆಂದು ಮಿಶನಿಗೆ ನೆರವಾದವರು. ಬಡಗರ ಮನೆ ಮಾತು ಕನ್ನಡಕ್ಕೆ ತೀರ ಹತ್ತಿರ. ಆದ್ದರಿಂದ ಮೆಟ್ಸ್ ಮೊದಲಾದ ಪಾದ್ರಿಗಳು ಬಳಸಿದ ಪುಸ್ತಕದ ಭಾಷೆ ಕನ್ನಡ. ಈಗ ಆ ಬೆಟ್ಟದಲ್ಲಿ ಶಾಲೆಯ ಭಾಷೆ ತಮಿಳು, ಇಂಗ್ಲಿಷು. ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಈ ಬದಲಾವಣೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾನು ಕಲಿತದ್ದು ಐ.ಟಿ.ಐ.ಯಲ್ಲಿ. 1950ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಡಿ ದೇಶದುದ್ದಕ್ಕೂ ಹುಟ್ಟಿದ ಸಂಸ್ಥೆಗಳಲ್ಲಿ ಒಂದು ಅದು. ಫಿಟ್ಟರಿಗೆ ಎರಡು ವರ್ಷ. ಹತ್ತನೆಯ ತರಗತಿಯ ಅಂಕ ನೋಡಿ ಎಲೆಕ್ಟ್ರಿಶಿಯನ್ ಸಿಗದವನಿಗೆ ಫಿಟ್ಟರು ಸಿಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲ ತಿಂಗಳುಗಳಲ್ಲಿ ಅರ ಒಂದೇ. ಮೆದು ಉಕ್ಕಿನ ಒಂದು ತುಂಡನ್ನು ವೈಸಿನಲ್ಲಿ ಕಚ್ಚಿಸಿ, ಅದರ ಆರು ಮುಖಗಳನ್ನೂ ಸಮ ಮಾಡಬೇಕು. ಮೂಲೆಮಟ್ಟ ಇಟ್ಟು ಕಿಟಕಿಯ ಕಡೆಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬಾರದು. ಕಾಣುತ್ತಿತ್ತು. ಮಾಸ್ತರರು ಬೈಯಲಿಲ್ಲ, ಹೊಸ ತುಂಡು ಕೊಟ್ಟರು. ಅಂಗೈಯಲ್ಲಿ ಬೊಕ್ಕೆ ಎದ್ದು, ಒಡೆದು, ಗಟ್ಟಿಯಾದ ಮೇಲೆ ಒಂದು ದಿನ ಗೆರೆ ಕಾಣಲಿಲ್ಲ. ಆಗ ಅವರು ಹೇಳಿದ್ದು ಇಷ್ಟೇ: “ಇನ್ನು ನೀನು ಕಣ್ಣಲ್ಲಿ ಅರೆಯುವುದಕ್ಕೆ ಕಲಿಯಬೇಕು, ಕೈಯಲ್ಲಿ ಅಲ್ಲ.” ಅವರು ಕಣ್ಣೂರಿನವರು. ಪಾಠದ ಪುಸ್ತಕ ಇಂಗ್ಲಿಷು, ಅವರ ವಿವರಣೆ ಮಲಯಾಳ, ನಾವು ನಮ್ಮೊಳಗೆ ಮಾತಾಡಿಕೊಳ್ಳುವುದು ತುಳು, ಬರೆದುಕೊಳ್ಳುವುದು ಕನ್ನಡ. ಮೈಕ್ರೋಮೀಟರಿನ ಅಳತೆಗೆ ಭಾಷೆ ಬೇಕಾಗಲಿಲ್ಲ.

ಐ.ಟಿ.ಐ. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯಿದೆಯಂತೆ ಒಂದು ವರ್ಷ ಅಪ್ರೆಂಟಿಸು. ಅದೂ ಮುಗಿದು, ಕೆಲಸವಿಲ್ಲದೆ ಕೆಲವು ಕಾಲ ಕಳೆದು, ದೂರದ ನೆಂಟರೊಬ್ಬರ ಮಾತಿನ ಮೇಲೆ ನೀಲಗಿರಿಗೆ ಹೋದೆ. ಹೋದ ಮೊದಲ ವಾರದಲ್ಲಿಯೇ ನಾನು ಕಲಿತದ್ದು ಎಷ್ಟು ಸ್ವಲ್ಪ ಎಂಬುದು ತಿಳಿಯಿತು. ಐ.ಟಿ.ಐ.ಯಲ್ಲಿ ಯಂತ್ರ ನಿಂತಿರುತ್ತದೆ, ಅದನ್ನು ಬಿಚ್ಚಿ ಜೋಡಿಸಲು ಹೇಳಿಕೊಡುತ್ತಾರೆ. ಚಹಾ ಕಾರ್ಖಾನೆಯಲ್ಲಿ ಯಂತ್ರ ಓಡುತ್ತಿರುತ್ತದೆ, ಅದು ನಿಲ್ಲುವ ಮೊದಲೇ ಎಲ್ಲಿ ನೋವಿದೆ ಎಂದು ಸದ್ದಿನಲ್ಲಿ ತಿಳಿಯಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಗುಂಡುಗಳ ಮಾತು ಕೇಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಸಿಲೋನ್ ಮೇಸ್ತ್ರಿ.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ 5,25,000 ಜನ ತೋಟದ ತಮಿಳರು ಭಾರತಕ್ಕೆ ಬರಬೇಕೆಂದಾಯಿತು. 3,00,000 ಜನರಿಗೆ ಅಲ್ಲಿ ಪೌರತ್ವ. ಕಾಗದದ ಮೇಲೆ ಲಕ್ಷದ ಲೆಕ್ಕದಲ್ಲಿ ಹಂಚಿಕೊಂಡವರಲ್ಲಿ ನಮ್ಮ ಮೇಸ್ತ್ರಿಯೂ ಒಬ್ಬರು. ಹಾಗೆ ಬಂದವರಿಗೆ ಕೆಲಸ ಕೊಡಲೆಂದು ಮದರಾಸು ಸರಕಾರ 1968ರಲ್ಲಿ ನೀಲಗಿರಿಯಲ್ಲಿ ಚಹಾ ತೋಟ ಹಾಕಿತು. 1976ರಲ್ಲಿ ಅದು ಟ್ಯಾನ್‌ಟೀ ಎಂಬ ನಿಗಮವಾಯಿತು. ಎಲೆ ಕೀಳುವವರು, ಗಿಡ ಸವರುವವರು ಅಲ್ಲಿಗೆ ಹೋದರು. ಕಾರ್ಖಾನೆಯ ಕೆಲಸ ಬಲ್ಲ ಕೆಲವರು ಖಾಸಗಿ ಕಾರ್ಖಾನೆಗಳಿಗೆ ಬಂದರು. ಕೊಲಂಬೋದಲ್ಲಿ ವಾಕರ್ಸ್, ಕೊಲಂಬೋ ಕಮರ್ಶಿಯಲ್ ಎಂಬ ದೊಡ್ಡ ಎಂಜಿನಿಯರಿಂಗ್ ಕಂಪೆನಿಗಳಿದ್ದವು. ಚಹಾ ಯಂತ್ರಗಳನ್ನು ಅಲ್ಲಿಯೇ ಮಾಡುತ್ತಿದ್ದವು. ಹಾಗಾಗಿ ಆ ದ್ವೀಪದ ಫಿಟ್ಟರುಗಳಿಗೆ ಯಂತ್ರದ ಹುಟ್ಟೂ ಗೊತ್ತು, ಸಾವೂ ಗೊತ್ತು. ನಮ್ಮ ಮೇಸ್ತ್ರಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಬಿಳಿ ಲೋಹದ ಬೇರಿಂಗಿಗೆ ನೀಲಿ ಬಣ್ಣ ಸವರಿ, ಶಾಫ್ಟು ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಅವರು ಸ್ಕ್ರೇಪರಿನಿಂದ ಎತ್ತುವುದನ್ನು ನೋಡಿದರೆ ಬೆಣ್ಣೆ ತೆಗೆಯುತ್ತಿದ್ದಾರೆಯೇ ಎನ್ನಿಸುತ್ತಿತ್ತು. ಹಟ್ಟನ್ನಿನಲ್ಲಿ ಅವರಿಗೆ ಕಲಿಸಿದವರು ಒಬ್ಬ ಸಿಂಹಳ ಮೇಸ್ತ್ರಿಯಂತೆ. ಊಟಕ್ಕೆ ಕುಳಿತಾಗ ಅವರ ನೆನಪು ತೆಗೆದು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

ನಾನು ಹೋದ ಕಾಲಕ್ಕೆ ಜಾಕ್ಸನ್ ರೋಲರುಗಳು ಹಿಂದೆ ಸರಿದು ಸಿ.ಟಿ.ಸಿ. ಯಂತ್ರಗಳು ಬರುತ್ತಿದ್ದವು. ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಾವು ಬೆಳಿಗ್ಗೆ ಕುಡಿಯುವ ಹುಡಿ ಚಹಾ ಈ ಯಂತ್ರದ ಹಲ್ಲಿನಿಂದ ಬಂದದ್ದು. ಹಳೆಯ ಕ್ರಮದಲ್ಲಿ ಎಲೆಯನ್ನು ಹೊಸಕಿ ಸುರುಳಿ ಮಾಡುತ್ತಾರೆ, ಅದು ಎಲೆ ಚಹಾ. ಸಿ.ಟಿ.ಸಿ.ಯಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುತ್ತಿ ಗುಂಡಗಿನ ಕಾಳು ಮಾಡುತ್ತಾರೆ. ಇದನ್ನು ಕಂಡುಹಿಡಿದದ್ದು 1930ರ ಸುಮಾರಿಗೆ ಅಸ್ಸಾಮಿನ ಅಮ್‌ಗೂರಿ ತೋಟದ ಮೆಕರ್ಚರ್ ಎಂಬವರು. ಎರಡು ಉಕ್ಕಿನ ಉರುಳೆಗಳು, ಅಕ್ಕಪಕ್ಕ. ಮೈತುಂಬ ಸಣ್ಣ ಸಣ್ಣ ಹಲ್ಲು. ಇಂಚಿಗೆ 8 ಅಥವಾ 10. ಒಂದು ನಿಮಿಷಕ್ಕೆ ಸುಮಾರು 70 ಸುತ್ತು ತಿರುಗಿದರೆ ಇನ್ನೊಂದು 700 ಸುತ್ತು, ಎದುರುಬದುರಾಗಿ. ನಿಧಾನದ ಉರುಳೆ ಎಲೆಯನ್ನು ಹಿಡಿದು ಕೊಡುತ್ತದೆ, ವೇಗದ ಉರುಳೆ ಕತ್ತರಿಸುತ್ತದೆ. ಇಂಥ ಮೂರು ನಾಲ್ಕು ಜೊತೆಗಳನ್ನು ಒಂದರ ಮುಂದೊಂದು ನಿಲ್ಲಿಸಿ ನಡುವೆ ಬೆಲ್ಟು ಓಡಿಸುತ್ತಾರೆ. ಮೊದಲ ಕಟ್, ಎರಡನೆಯ ಕಟ್ ಎಂದು ಅವುಗಳ ಹೆಸರು. ಕೊನೆಯ ಕಟ್ಟಿನಿಂದ ಹೊರಬರುವುದು ಹಸಿರು ಬಣ್ಣದ ಒದ್ದೆ ಹುಡಿ. ನೋಡುತ್ತಿದ್ದಂತೆ ಅದು ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಈ ಯಂತ್ರದ ಜೀವ ಹಲ್ಲಿನಲ್ಲಿದೆ. ಹಲ್ಲು ಮೊಂಡಾದರೆ ಎಲೆ ಕತ್ತರಿಸುವುದಿಲ್ಲ, ಅರೆಯುತ್ತದೆ. ಬಿಸಿ ಏರುತ್ತದೆ, ಕಾಳು ಗುಂಡಗಾಗದೆ ಚಪ್ಪಟೆಯಾಗುತ್ತದೆ, ನಾರು ಹೆಚ್ಚುತ್ತದೆ, ಕೂನೂರಿನ ಹರಾಜಿನಲ್ಲಿ ದರ ಬೀಳುತ್ತದೆ. ಆದ್ದರಿಂದ ಕೆಲವು ದಿನಗಳಿಗೊಮ್ಮೆ ಉರುಳೆಯನ್ನು ಬಿಚ್ಚಿ, ಚೈನ್ ಬ್ಲಾಕಿನಲ್ಲಿ ಎತ್ತಿ, ಹಲ್ಲು ಹಿಡಿಯುವ ಯಂತ್ರಕ್ಕೆ ಏರಿಸಿ, ಸುತ್ತಿನ ಗೆರೆಗಳನ್ನೂ ಓರೆಯ ಗೆರೆಗಳನ್ನೂ ಹೊಸದಾಗಿ ಕೊರೆಯಬೇಕು. ಪ್ರತಿ ಸಲವೂ ಉರುಳೆ ಒಂದಿಷ್ಟು ಸಪೂರವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಅದರ ಮೇಲಿನ ಉಕ್ಕಿನ ಬಳೆಗಳನ್ನೇ ಬದಲಿಸಬೇಕು. ಹಲ್ಲು ಹಿಡಿದದ್ದಾದರೆ ಸಾಲದು, ಎರಡು ಉರುಳೆಗಳ ನಡುವಿನ ಅಂತರ ಎಡದಲ್ಲಿ, ನಡುವಿನಲ್ಲಿ, ಬಲದಲ್ಲಿ ಒಂದೇ ಆಗಿರಬೇಕು. ನಾವು ತೆಳ್ಳಗಿನ ಕಾಗದದ ಪಟ್ಟಿ ಇಟ್ಟು ಕೈಯಿಂದ ತಿರುಗಿಸಿ, ಕಾಗದ ಮೂರೂ ಕಡೆ ಒಂದೇ ಬಗೆಯಲ್ಲಿ ಹರಿಯಿತೇ ಎಂದು ನೋಡುತ್ತಿದ್ದೆವು. ಮೇಸ್ತ್ರಿಯವರು ಇದಕ್ಕೆ ಬೀಡಿಯ ಕಟ್ಟಿನ ಕಾಗದವನ್ನೇ ಬಳಸುತ್ತಿದ್ದರು. ಫೀಲರ್ ಗೇಜು ಕೊಟ್ಟರೆ ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುತ್ತಿದ್ದರು.

ಎಲೆ ಕಾಯುವುದಿಲ್ಲ, ಇದೇ ಈ ಕಸುಬಿನ ಕಷ್ಟ. ಬಟ್ಟೆ ಗಿರಣಿಯಲ್ಲಿ ಯಂತ್ರ ನಿಂತರೆ ನೂಲು ಹಾಗೆಯೇ ಇರುತ್ತದೆ. ಇಲ್ಲಿ ಕತ್ತರಿಸಿದ ಎಲೆ ಒಂದೂವರೆ ಗಂಟೆಯೊಳಗೆ ಹುಳಿತು ಹದಕ್ಕೆ ಬಂದಿರುತ್ತದೆ, ಆಗ ಡ್ರೈಯರು ಸಿದ್ಧವಿರಲೇಬೇಕು. ಮಧ್ಯಾಹ್ನ ಕೊಯ್ದ ಎಲೆ ತೊಟ್ಟಿಯಲ್ಲಿ ಗಾಳಿ ಕುಡಿದು ಬಾಡಿ ರೋಲರಿಗೆ ಬರುವಾಗ ನಡುರಾತ್ರಿ ಕಳೆದಿರುತ್ತದೆ. ಒಂದು ಕಿಲೋ ಚಹಾಕ್ಕೆ ನಾಲ್ಕೂವರೆ ಕಿಲೋದಷ್ಟು ಹಸಿರೆಲೆ ಬೇಕು. ಎಲೆ ಕೊಟ್ಟವರು ಹೆಚ್ಚಿನವರು ಒಂದು ಎಕರೆ, ಎರಡು ಎಕರೆಯ ಬಡಗ ಬೆಳೆಗಾರರು. 1962ರಲ್ಲಿ ಕುಂದಾದಲ್ಲಿ ಸಹಕಾರಿ ಚಹಾ ಕಾರ್ಖಾನೆ ಬಂದ ಮೇಲೆ, ಕಟ್ಟಬೆಟ್ಟು ಮುಂತಾದ ಕಡೆಗಳಲ್ಲೂ ಅವರದೇ ಕಾರ್ಖಾನೆಗಳಾದವು. ಅವಕ್ಕೆಲ್ಲ 1965ರಲ್ಲಿ ಇಂಡ್‌ಕೋಸರ್ವ್ ಎಂಬ ಒಕ್ಕೂಟವಾಯಿತು. ಜೊತೆಗೆ ಎಲೆ ಕೊಂಡು ಚಹಾ ಮಾಡುವ ಖಾಸಗಿ ಕಾರ್ಖಾನೆಗಳೂ ಬೆಳೆದವು. ನಾನು ದುಡಿದದ್ದು ಈ ಖಾಸಗಿ ಬಗೆಯವುಗಳಲ್ಲಿ.

ಈಗ ಬರೆಯಬೇಕಾದ ಒಂದು ಸಂಗತಿಯಿದೆ. ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಲೇಖನ ಪೂರ್ತಿಯಾದಂತೆ ಕಾಣಬಹುದು, ಆದರೆ ಆಗುವುದಿಲ್ಲ.

1948ರ ಫ್ಯಾಕ್ಟರಿ ಕಾಯಿದೆಯ 21ನೆಯ ಕಲಮು ಅಪಾಯದ ಯಂತ್ರಕ್ಕೆ ಬೇಲಿಯಿರಬೇಕು ಎನ್ನುತ್ತಿತ್ತು. 22ನೆಯ ಕಲಮು ಓಡುವ ಯಂತ್ರದ ಹತ್ತಿರ ಹೋಗುವ ಕೆಲಸದ ಬಗ್ಗೆ ಇತ್ತು. ಯಂತ್ರ ಓಡುತ್ತಿರುವಾಗಲೇ ನೋಡಲೇಬೇಕಾಗಿ ಬಂದರೆ, ವಿಶೇಷ ತರಬೇತಿ ಪಡೆದ ವಯಸ್ಕ ಗಂಡಸು ಮಾತ್ರ, ಮೈಗೆ ಬಿಗಿಯಾದ ಬಟ್ಟೆ ತೊಟ್ಟು ಅದನ್ನು ಮಾಡಬೇಕಿತ್ತು. ಬಟ್ಟೆಯನ್ನು ಮಾಲೀಕರೇ ಕೊಡಬೇಕಿತ್ತು. ಅವನ ಹೆಸರನ್ನು ಒಂದು ರಿಜಿಸ್ಟರಿನಲ್ಲಿ ಬರೆದಿರಬೇಕಿತ್ತು. ಕಾನೂನಿನಲ್ಲಿ ಫಿಟ್ಟರನ ಹೆಸರು ಬರೆದಿಡಿ ಎಂದು ಹೇಳಿದ ಜಾಗ ನನಗೆ ಗೊತ್ತಿರುವಂತೆ ಇದೊಂದೇ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಆ ರಿಜಿಸ್ಟರು ಇತ್ತು. ಅದರ ಪುಟಗಳು ಖಾಲಿಯಿದ್ದವು.

1984ರ ಅಕ್ಟೋಬರಿನಲ್ಲಿ, ಹಿಂಗಾರು ಹಿಡಿದ ಒಂದು ರಾತ್ರಿ. ಎಲೆ ಒದ್ದೆಯಾಗಿ ಬಂದಿತ್ತು, ಸರಿಯಾಗಿ ಬಾಡಿರಲಿಲ್ಲ, ಎರಡನೆಯ ಕಟ್ಟಿನ ಬಾಯಲ್ಲಿ ಮುದ್ದೆಯಾಗಿ ನಿಲ್ಲುತ್ತಿತ್ತು. ಆ ಯಂತ್ರದ ಮುಂದಿನ ಜಾಲರಿಯನ್ನು ಎರಡು ದಿನದ ಹಿಂದೆ ಬೇರಿಂಗು ಬದಲಿಸಲೆಂದು ಬಿಚ್ಚಿದವನು ನಾನೇ. ಒಂದು ಬೋಲ್ಟಿನ ತಿರುಪು ಹೋಗಿತ್ತು. ಹೊಸದು ಬಂದ ಮೇಲೆ ಹಾಕೋಣ, ಅಷ್ಟರ ವರೆಗೆ ಓಡಲಿ ಎಂದು ಮೇಲಿನವರು ಹೇಳಿದರು. ನಾನು ಸರಿ ಎಂದೆ. ಸಹಾಯಕನಾಗಿದ್ದ ಹುಡುಗ ಬಡಗನು, ಹತ್ತಿರದ ಹಟ್ಟಿಯವನು, ಮದುವೆ ನಿಶ್ಚಯವಾಗಿತ್ತು. ಮುದ್ದೆಯನ್ನು ಬಿದಿರಿನ ಕೋಲಿನಿಂದ ಸರಿಸುತ್ತಿದ್ದವನು ಕೋಲು ಕೈಗೆ ಸಿಗದ ಒಂದು ಸಲ ಕೈಯಿಂದಲೇ ಸರಿಸಿದ. ನಾನು ಡ್ರೈಯರಿನ ಹತ್ತಿರವಿದ್ದೆ. ಕೂಗು ಕೇಳಿಸಲಿಲ್ಲ. ಸದ್ದು ಒಂದು ಕ್ಷಣ ಬೇರೆಯಾದದ್ದು ಕೇಳಿಸಿತು. ಸ್ವಿಚ್ಚು ತೆಗೆಯುವಷ್ಟರಲ್ಲಿ ಬಲಗೈಯ ಮೂರು ಬೆರಳು ಹೋಗಿದ್ದವು. ಮೇಸ್ತ್ರಿಯವರು ತಮ್ಮ ವೇಷ್ಟಿಯನ್ನು ಹರಿದು ಕಟ್ಟಿದರು. ಎಲೆಯ ಲಾರಿಯಲ್ಲಿ ಅವನನ್ನು ಕೆಳಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವನು ಅತ್ತದ್ದಲ್ಲ, “ಅಣ್ಣಾ, ಮೆಷಿನು ಹಾಳಾಯಿತಾ?” ಎಂದು ಕೇಳಿದ.

ಆ ರಾತ್ರಿಯ ಎಲೆಯನ್ನು ಎಸೆದರು. ಮರುದಿನ ಜಾಲರಿಗೆ ಬೋಲ್ಟು ಬಂತು. ಅದರ ಮರುದಿನ ಆಫೀಸಿಗೆ ಕರೆದು ರಿಜಿಸ್ಟರನ್ನು ನನ್ನ ಮುಂದಿಟ್ಟರು. ಅದರಲ್ಲಿ ನಮ್ಮೆಲ್ಲರ ಹೆಸರು ಬಂದಿತ್ತು. ಮೇಸ್ತ್ರಿಯದು, ನನ್ನದು, ಆ ಹುಡುಗನದು. ಹುಡುಗನ ಹೆಸರಿನ ಎದುರು ಓಡುವ ಯಂತ್ರದ ಕೆಲಸಕ್ಕೆ ವಿಶೇಷ ತರಬೇತಿ ಪಡೆದವನು ಎಂದು ಬರೆದು, ಆ ವರ್ಷದ ಮಾರ್ಚಿ ತಿಂಗಳ ತಾರೀಕು ಹಾಕಿತ್ತು. ತರಬೇತಿ ಕೊಟ್ಟವನು ಎಂದು ನಾನು ಸಹಿ ಮಾಡಬೇಕಿತ್ತು. ಇನ್‌ಸ್ಪೆಕ್ಟರು ಬರುತ್ತಾರೆ, ನಿಮಗೂ ತೊಂದರೆ ಬೇಡ, ಜಾಲರಿ ಬಿಚ್ಚಿದವರು ನೀವಲ್ಲವೇ ಎಂದರು. ಹುಡುಗನ ಪರಿಹಾರಕ್ಕೆ ಇದರಿಂದ ಏನೂ ಕಡಿಮೆಯಾಗುವುದಿಲ್ಲ ಎಂದೂ ಹೇಳಿದರು. ಅದು ಸುಳ್ಳಾಗಿರಲಿಲ್ಲ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಒಂದು ಕೈಯ ಮೂರು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟ ಎಂದಿತ್ತು. ಆ ಲೆಕ್ಕದಂತೆ ಅವನಿಗೆ ಹಣ ಬಂತು. ನಾನು ಸಹಿ ಮಾಡಿದೆ. ನನ್ನ ಮಗಳಿಗೆ ಆಗ ಎಂಟು ತಿಂಗಳು. ಮೇಸ್ತ್ರಿಯವರಿಗೆ ಹೆಬ್ಬೆಟ್ಟು ಒತ್ತಲು ಹೇಳಿದಾಗ, ತಮಗೆ ಸಹಿ ಮಾಡಲು ಬರುತ್ತದೆ, ಆದರೆ ಇದಕ್ಕೆ ಮಾಡುವುದಿಲ್ಲ ಎಂದರು. ಅವರಿಗೆ ಏನೂ ಮಾಡಲಿಲ್ಲ. ಅವರಿಲ್ಲದೆ ಕಾರ್ಖಾನೆ ಓಡುತ್ತಿರಲಿಲ್ಲ. ನಾನು ಮಾಡದಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲವೇನೋ ಎಂದು ಆಮೇಲೆ ಎಷ್ಟೋ ವರ್ಷ ಎನಿಸಿದ್ದುಂಟು.

ಹಳೆಯ ದಾಖಲೆಗಳನ್ನು ಹುಡುಕಿ ಚರಿತ್ರೆ ಬರೆಯುವ ಮಿತ್ರರು ನನ್ನಲ್ಲಿ ಕೆಲವೊಮ್ಮೆ ಕೇಳುತ್ತಾರೆ, ಕಾರ್ಖಾನೆಗಳಲ್ಲಿ ಹಳೆಯ ರಿಜಿಸ್ಟರುಗಳು ಸಿಕ್ಕಿದರೆ ಎಷ್ಟು ಉಪಯೋಗವಿತ್ತು ಎಂದು. ಸಿಕ್ಕಿದರೆ ಅದರಲ್ಲಿ ನನ್ನ ಸಹಿ ಕಾಣುತ್ತದೆ. 1984ರ ಮಾರ್ಚಿಯಲ್ಲಿ ಕೀಳ್ ಕೋತಗಿರಿಯ ಒಂದು ಕಾರ್ಖಾನೆಯಲ್ಲಿ ಕಾಸರಗೋಡಿನ ಫಿಟ್ಟರನೊಬ್ಬ ಬಡಗ ಹುಡುಗನಿಗೆ ತರಬೇತಿ ಕೊಟ್ಟನೆಂದು ಯಾರಾದರೂ ಬರೆಯಬಹುದು.

ಆ ಹುಡುಗನ ಮದುವೆ ನಿಲ್ಲಲಿಲ್ಲ, ಇದನ್ನು ಹೇಳಲೇಬೇಕು. ಹೆತ್ತೆ ಹಬ್ಬ ಕಳೆದ ಮೇಲೆ ನಡೆಯಿತು, ನಾನೂ ಹೋಗಿದ್ದೆ. ಅವನು ಮತ್ತೆ ಯಂತ್ರದ ಹತ್ತಿರ ಬರಲಿಲ್ಲ, ಎಲೆ ತೂಗುವ ಕೆಲಸ ಹಿಡಿದ. ಎಡಗೈಯಲ್ಲಿ ಬರೆಯಲು ಕಲಿತ.

ಮುಂದಿನ ಕಥೆ ಬೇಗ ಹೇಳಬಹುದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ನೀಲಗಿರಿಯ ಚಹಾಕ್ಕೆ ಅದು ದೊಡ್ಡ ಗಿರಾಕಿಯಾಗಿತ್ತು. 1990ರ ದಶಕದ ಕೊನೆಗೆ ಹಸಿರೆಲೆಯ ದರ ನೆಲ ಕಚ್ಚಿತು, ಬೆಳೆಗಾರರು ಬೀದಿಗಿಳಿದರು. ದರ ಬಿದ್ದಾಗ ಕಾರ್ಖಾನೆಗಳು ಮೊದಲು ಕಡಿತ ಮಾಡುವುದು ಬಿಡಿಭಾಗ, ಎರಡನೆಯದು ಫಿಟ್ಟರು. ವಾರಕ್ಕೊಮ್ಮೆ ಹಿಡಿಯುತ್ತಿದ್ದ ಹಲ್ಲನ್ನು ಎರಡು ವಾರಕ್ಕೊಮ್ಮೆ ಹಿಡಿದರೆ ಸಾಕು ಎಂದರು. ಮೊಂಡು ಹಲ್ಲಿನ ಚಹಾಕ್ಕೆ ಇನ್ನೂ ಕಡಿಮೆ ದರ ಬಂತು. ಯಾರಿಗೂ ಹೇಳುವಂತಿರಲಿಲ್ಲ. ನನ್ನ ಜೊತೆಗಿದ್ದ ಹುಡುಗರಲ್ಲಿ ಹಲವರು ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ ಇಳಿದು ಹೋದರು. ಆಮೇಲೆ ಕಂಪ್ಯೂಟರು ನಡೆಸುವ ಹಲ್ಲಿನ ಯಂತ್ರಗಳು ಬಂದವು. ಉರುಳೆಯನ್ನು ಹೊರಗಿನ ವರ್ಕ್‌ಶಾಪಿಗೆ ಕಳುಹಿಸಿ ತರಿಸುವ ಕಾರ್ಖಾನೆಗಳೂ ಆದವು. ಕೆಲಸ ಚೆನ್ನಾಗಿಯೇ ಬರುತ್ತದೆ, ನಾವು ಕೈಯಲ್ಲಿ ಹಿಡಿದದ್ದಕ್ಕಿಂತ ಸಮವಾಗಿಯೂ ಇರುತ್ತದೆ. ಹಳೆಯದೇ ಚಂದ ಎಂದು ಹೇಳುವ ವಯಸ್ಸಿನ ಚಾಳಿ ನನಗೆ ಇದೆಯಾದರೂ ಈ ವಿಷಯದಲ್ಲಿ ಹಾಗೆ ಹೇಳಲಾರೆ.

ಕೊನೆಗೆ ಭಾಷೆಯ ವಿಚಾರ. ಯಂತ್ರದ ಹಲ್ಲಿಗೆ ಮೇಸ್ತ್ರಿಯವರು ಪಲ್ ಎನ್ನುತ್ತಿದ್ದರು. ನಮ್ಮ ಟೀ ಮೇಕರು ಪಾಲಕ್ಕಾಡಿನವರು, ಪಲ್ಲು ಎನ್ನುತ್ತಿದ್ದರು. ಬಡಗ ಹುಡುಗರು ಹಲ್ಲು ಎಂದಾಗ ನನಗೆ ಆ ಚಳಿಯಲ್ಲಿ ಊರಿನ ಮನೆಯ ಜಗಲಿಯಲ್ಲಿ ಕುಳಿತ ಹಾಗಾಗುತ್ತಿತ್ತು. ತಮಿಳಿನ ಪಕಾರ ಅವರ ಬಾಯಲ್ಲಿ ಕನ್ನಡದಂತೆಯೇ ಹಕಾರ. ಹಾಲು ಹಾಲೇ, ಹಲ್ಲು ಹಲ್ಲೇ. ಅವರು ತಮ್ಮ ಮಾತು ಕನ್ನಡವಲ್ಲ, ಬಡಗವೇ ಬೇರೆ ಎನ್ನುತ್ತಾರೆ. ಅವರ ಮಾತಿನ ಹೆಸರನ್ನು ಅವರೇ ಹೇಳಬೇಕಾದದ್ದು ನ್ಯಾಯ. ಆದರೆ ರಾತ್ರಿ ಪಾಳಿಯಲ್ಲಿ ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಅವರು ಬಡಗದಲ್ಲಿ ಉತ್ತರ ಕೊಟ್ಟು ಕೆಲಸ ನಡೆಯುತ್ತಿತ್ತು. ಸ್ಪ್ಯಾನರು ಬದಲಿಗೆ ಸುತ್ತಿಗೆ ಕೈಗೆ ಬಂದದ್ದು ಕಡಿಮೆ.

ಆ 34 ವರ್ಷಗಳಲ್ಲಿ ಕೇಳಿದ ಕಸುಬಿನ ಶಬ್ದಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕನ್ನಡ, ಮಲಯಾಳ, ತಮಿಳು, ಬಡಗ ಎಂದು ನಾಲ್ಕು ಮನೆ ಹಾಕಿದ್ದೇನೆ. ಮಲಯಾಳದ ಮನೆಯಲ್ಲಿ ಖಾಲಿ ಬಹಳ ಇವೆ. ಈ ಸಂಚಿಕೆಯ ಮಲಯಾಳ ಭಾಗವನ್ನು ಓದುವ ಮಿತ್ರರಲ್ಲಿ ಹಂಚಿನ ಕಾರ್ಖಾನೆಯಲ್ಲೋ ಮರದ ಮಿಲ್ಲಿನಲ್ಲೋ ಫಿಟ್ಟರಾಗಿದ್ದವರು, ಅಥವಾ ಅವರ ಮಕ್ಕಳು ಇರಬಹುದು. ಶಾಫ್ಟು ಸ್ವಲ್ಪ ಓರೆಯಾಗಿ ತಿರುಗುವಾಗ ಬರುವ ಆ ಒಂದು ಬಗೆಯ ನಡುಕಕ್ಕೆ ಮಲಯಾಳದಲ್ಲಿ ಏನು ಹೇಳುತ್ತಾರೆಂದು ತಿಳಿದವರು ಸಂಪಾದಕರಿಗೆ ಒಂದು ಕಾರ್ಡು ಬರೆದರೆ ಉಪಕಾರ. ಕನ್ನಡದ ಮನೆಯಲ್ಲಿ ನಾನು ‘ತೂಗಾಟ’ ಎಂದು ಬರೆದಿದ್ದೇನೆ. ಮೇಸ್ತ್ರಿಯವರು ಶಬ್ದ ಹೇಳುತ್ತಿರಲಿಲ್ಲ, ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆಯಾಗಿ ಹಿಡಿದು ಸ್ವಲ್ಪ ಅಲುಗಿಸಿ ತೋರಿಸುತ್ತಿದ್ದರು.